ಗಾಳಿಕಿಂಡಿಯ ಕಲ್ಲು

ಶೀರಾಜ್, ೧೯೮೩ ಮೇ ೧೮

ಅಕ್ಕನಿಗೆ ನೌಜರ್ ಮಾಡುವ ಸಲಾಮು.

ನಾವೆಲ್ಲ ಕ್ಷೇಮ. ಫಖ್ರೀಗೆ ಮಂಡಿನೋವು ಇದ್ದದ್ದೇ. ಮಕ್ಕಳು ಇಲ್ಲಿಯ ಶಾಲೆಗೆ ಹೊಂದಿಕೊಂಡಿದ್ದಾರೆ, ಆದರೆ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಈಗಲೂ ಮೇಜಿನ ಕೆಳಗೆ ನುಗ್ಗುತ್ತಾರೆ. ಅಂಗಡಿ ಪರವಾಗಿಲ್ಲ. ಯುದ್ಧವಿದ್ದರೂ ಜನ ಮದುವೆಯಾಗುವುದನ್ನು ಬಿಟ್ಟಿಲ್ಲ, ಬಟ್ಟೆ ಕೊಳ್ಳುವುದನ್ನೂ ಬಿಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಫಖ್ರೀಯ ಚಿಕ್ಕಪ್ಪನ ಮಗ ದೆಜ್‌ಫುಲ್‌ನಿಂದ ಬಂದಿದ್ದ. ನಮ್ಮ ಬೀದಿಯಲ್ಲಿ ಹಾದುಬಂದನಂತೆ. ನಮ್ಮ ಮನೆಯ ಮುಂಬಾಗಿಲಿಗೆ ಬೀಗ ಇತ್ತು, ಆದರೆ ಒಳಗಿನಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು ಎಂದ. ಬೀಗ ಹಾಕಿದ ಮನೆಯಲ್ಲಿ ಈರುಳ್ಳಿ ತನ್ನಷ್ಟಕ್ಕೆ ತಾನೇ ಹುರಿದುಕೊಳ್ಳುವುದಿಲ್ಲ. ಅಂದಿನಿಂದ ಫಖ್ರೀ ಸರಿಯಾಗಿ ಊಟ ಮಾಡಿಲ್ಲ. ಅವಳ ಮದುವೆಯ ಪೆಟ್ಟಿಗೆ, ತಾಮ್ರದ ಪಾತ್ರೆಗಳು, ಅಪ್ಪನ ಎರಡು ರತ್ನಗಂಬಳಿ, ಎಲ್ಲವೂ ನೆಲಮಾಳಿಗೆಯಲ್ಲಿ ಇವೆ. ನಾವು ಹೊರಟ ಅವಸರದಲ್ಲಿ ಮಕ್ಕಳನ್ನು ಬಿಟ್ಟು ಬೇರೇನನ್ನೂ ಹೊತ್ತು ತರಲಾಗಲಿಲ್ಲ.

ಬೀಗದ ಕೈ ನಿನ್ನ ಹತ್ತಿರ ಇದೆ, ಅದು ಧೈರ್ಯ. ಆದರೆ ನೆಲಮಾಳಿಗೆಯ ಗಾಳಿಕಿಂಡಿ ಓಣಿಗೆ ಬಾಯಿ ತೆರೆದುಕೊಂಡಿದೆ. ತೆಳ್ಳಗಿನ ಹುಡುಗನೊಬ್ಬ ಹಗ್ಗ ಹಿಡಿದು ಇಳಿಯಬಹುದು. ಗಡಿಯ ಕಡೆಯಿಂದ ಊರು ಕಳೆದುಕೊಂಡು ಬಂದವರು ಖಾಲಿ ಮನೆ ಕಂಡರೆ ಹೊಕ್ಕುಬಿಡುತ್ತಾರೆ ಎಂದೂ ಕೇಳಿದ್ದೇನೆ. ಹೊಕ್ಕವರನ್ನು ಎಬ್ಬಿಸುವುದು ಕಷ್ಟ. ಒಂದು ಕಲ್ಲು ಇಟ್ಟು ಸುತ್ತ ಗಚ್ಚು ಮೆತ್ತಿಸಿಬಿಡು. ಖಾಲಿ ನೆಲಮಾಳಿಗೆಗೆ ಗಾಳಿ ಯಾಕೆ?

ಊರು ಬಿಟ್ಟು ಓಡಿದವನು ಎಂದು ನೀನು ಹಂಗಿಸುತ್ತೀ, ಗೊತ್ತು. ಹಂಗಿಸು. ಆದರೆ ಕಿಂಡಿ ಮುಚ್ಚಿಸು.

ನಿನ್ನ ತಮ್ಮ,
ನೌಜರ್

&nbsp;

ದೆಜ್‌ಫುಲ್, ೧೯೮೩ ಮೇ ೨೭

ನೌಜರ್,

ನಿನ್ನ ಹೆಂಡತಿಯ ಚಿಕ್ಕಪ್ಪನ ಮಗನ ಮೂಗನ್ನು ಸೇನೆಯವರು ಬಳಸಿಕೊಳ್ಳಬೇಕಿತ್ತು. ಗೋಡೆಗೆ ಗೋಡೆ ಅಂಟಿದ ಮನೆಗಳು ನಮ್ಮವು. ನಾನು ಈರುಳ್ಳಿ ಹುರಿದರೆ ವಾಸನೆ ನಿನ್ನ ಅಂಗಳಕ್ಕೆ ಬರದೆ ಶೀರಾಜಿಗೆ ಹೋಗುತ್ತದೆಯೇ? ನಾನು ನಿನ್ನ ಮನೆಗೆ ಹೋಗುವುದು ಅಂಗಳದ ಹುಳಿಕಿತ್ತಳೆ ಗಿಡಕ್ಕೆ ನೀರು ಹಾಕಲು ಮಾತ್ರ. ಫಖ್ರೀಗೆ ಊಟ ಮಾಡಲು ಹೇಳು.

ಕಿಂಡಿ ಮುಚ್ಚಿದ್ದೇನೆ. ನಿನ್ನ ಕಾಗದ ಬಂದ ದಿನವೇ ಮುಚ್ಚಿದೆ. ಕಲ್ಲು ಇಟ್ಟಿದ್ದೇನೆ, ಗಚ್ಚು ಮೆತ್ತಿದ್ದೇನೆ. ಅಲ್ಲಿಗೆ ಆ ವಿಷಯ ಮುಗಿಯಿತು.

ಇಲ್ಲಿ ಹೊಸದೇನಿಲ್ಲ. ಮೊನ್ನೆ ಹೊಳೆಯ ಆಚೆ ಒಂದು ಕ್ಷಿಪಣಿ ಬಿತ್ತು. ನಮ್ಮ ಮನೆಯ ಗಾಜುಗಳಿಗೆ ಅಂಟಿಸಿದ್ದ ಕಾಗದ ಹರಿಯಿತು, ಗಾಜು ಒಡೆಯಲಿಲ್ಲ. ಮೂಲೆಯಲ್ಲಿ ಚಪ್ಪಲಿ ಹೊಲಿಯುವವನ ಅಂಗಡಿ ಇತ್ತಲ್ಲ, ಅಲ್ಲಿ ಅಬ್ಬೂದ್ ಎಂಬವನು ರೊಟ್ಟಿ ಭಟ್ಟಿ ಹಾಕಿದ್ದಾನೆ. ಖುರ್ರಮ್‌ಶಹರ್ ಕಡೆಯ ಅರಬ. ಊರು ಮಣ್ಣಾದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಭಟ್ಟಿಯ ಹಿಂದಿನ ಕೋಣೆಯಲ್ಲೇ ಇದ್ದಾನೆ. ರೊಟ್ಟಿ ಚೆನ್ನಾಗಿ ಸುಡುತ್ತಾನೆ, ಇಲ್ಲ ಎನ್ನಲಾರೆ. ಆದರೆ ಸಂಜೆಯಾದರೆ ಸಣ್ಣ ಸದ್ದಿನಲ್ಲಿ ಬಾಗ್ದಾದಿನ ರೇಡಿಯೊ ಹಾಕಿಕೊಂಡು ಕೂರುತ್ತಾನೆ. ದೊಡ್ಡ ಮಗ ಯುದ್ಧದಲ್ಲಿ ಕಾಣೆಯಾಗಿದ್ದಾನೆ, ಸೆರೆ ಸಿಕ್ಕವರ ಹೆಸರನ್ನು ಅದರಲ್ಲಿ ಓದುತ್ತಾರೆ, ಅದಕ್ಕೇ ಎಂದು ಅವನ ಹೆಂಡತಿ ಸಬ್ರಿಯಾ ಹೇಳುತ್ತಾಳೆ. ಹೇಳುವುದಕ್ಕೇನು. ನಮ್ಮ ಮೇಲೆ ಕ್ಷಿಪಣಿ ಬಿಡುವವರ ರೇಡಿಯೊ ಅದು. ಬೀದಿಯವರೆಲ್ಲ ಅವನ ಮೇಲೆ ಒಂದು ಕಣ್ಣಿಟ್ಟಿದ್ದಾರೆ. ನಾನೂ ಇಟ್ಟಿದ್ದೇನೆ.

ಮಕ್ಕಳಿಗೆ ನನ್ನ ಮುತ್ತು.

ಕೌಕಬ್

&nbsp;

ಶೀರಾಜ್, ೧೯೮೩ ಜೂನ್ ೬

ಅಕ್ಕನಿಗೆ,

ನಿನ್ನ ಕಾಗದ ಓದಿ ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ನಾವು ಊರು ಬಿಟ್ಟಾಗಿನಿಂದ ನೀನು ಬರೆದ ಕಾಗದಗಳಲ್ಲಿ ನನ್ನನ್ನು ಹೇಡಿ ಎಂದು ಕರೆಯದ ಕಾಗದ ಇದೊಂದೇ. ಮಕ್ಕಳಿಗೆ ಮುತ್ತು ಬೇರೆ. ಹೇಳಿದ ಕೆಲಸವನ್ನು ಹೇಳಿದ ದಿನವೇ ನೀನು ಮಾಡಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ.

ಗಚ್ಚು ಮೆತ್ತಿದ್ದು ಯಾರು? ನೀನು ರಜಾಯಿ ಹೊಲಿಯುವವಳು. ಗಚ್ಚಿಗೆ ನೀರು ಬಿದ್ದರೆ ಕೈ ತಿರುಗಿಸುವುದರೊಳಗೆ ಕಲ್ಲಾಗುತ್ತದೆ, ಅದಕ್ಕೆ ಪಳಗಿದ ಕೈ ಬೇಕು. ಮೇಸ್ತ್ರಿಯನ್ನು ಕರೆಸಿದ್ದರೆ ನೀನು ಅವನ ಹೆಸರು ಬರೆಯುತ್ತಿದ್ದೆ, ಅವನು ಮಾಡಿದ ತಪ್ಪುಗಳನ್ನೆಲ್ಲ ಒಂದು ಪುಟ ಬರೆಯುತ್ತಿದ್ದೆ. ನೀನು ಒಂದೇ ಸಾಲಿನಲ್ಲಿ ಮುಗಿಸಿ, ಯಾರೋ ರೊಟ್ಟಿಯವನ ಕಥೆಗೆ ಹಾರಿದ್ದೀ.

ಆ ರೊಟ್ಟಿಯವನ ಸಂಸಾರ ನಮ್ಮ ಮನೆಯಲ್ಲಿ ಇದೆಯೇ? ನಾನು ಇದೆ ಎನ್ನುತ್ತಿಲ್ಲ. ಫಖ್ರೀ ಕೇಳುತ್ತಿದ್ದಾಳೆ.

ಇಲ್ಲಿ ನಮ್ಮ ಪಕ್ಕದ ಮನೆಯ ಸಫ್ದರ್ ಲಾರಿ ಓಡಿಸುತ್ತಾನೆ. ಈ ತಿಂಗಳ ಕೊನೆಯಲ್ಲಿ ಕಲ್ಲಂಗಡಿ ತುಂಬಲು ಆ ಕಡೆ ಬರುತ್ತಾನಂತೆ. ಓಣಿಯಲ್ಲಿ ಹಾದುಹೋಗುವಾಗ ಒಂದು ಸಲ ನೋಡಿ ಬಾ ಎಂದು ಹೇಳಬೇಕೆಂದಿದ್ದೇನೆ. ನಿನಗೆ ಅವನಿಂದ ತೊಂದರೆಯಾಗುವುದಿಲ್ಲ, ಬಾಗಿಲನ್ನೂ ತಟ್ಟುವುದಿಲ್ಲ.

ನೌಜರ್

&nbsp;

ದೆಜ್‌ಫುಲ್, ೧೯೮೩ ಜೂನ್ ೧೪

ನೌಜರ್,

ಉಪವಾಸದ ತಿಂಗಳು ಶುರುವಾಗಿದೆ. ಬಾಯಿ ಒಣಗಿದಾಗ ಸಿಟ್ಟು ಮಾಡಬಾರದಂತೆ, ಅದಕ್ಕೆ ಚುಟುಕಾಗಿ ಬರೆಯುತ್ತೇನೆ. ಗಚ್ಚನ್ನು ನಾನೇ ಹಿಟ್ಟು ನಾದುವ ತಟ್ಟೆಯಲ್ಲಿ ಕಲಸಿದೆ. ತಟ್ಟೆ ಹಾಳಾಯಿತು. ಮೇಸ್ತ್ರಿ ಇಲ್ಲ, ರೊಟ್ಟಿಯವನ ಸಂಸಾರವೂ ಇಲ್ಲ.

ಸಫ್ದರನನ್ನು ಕಳಿಸಬೇಡ. ಅಕ್ಕನ ಮಾತು ನಿಜವೋ ಸುಳ್ಳೋ ನೋಡಲು ಲಾರಿಯವನನ್ನು ಕಳಿಸುವ ತಮ್ಮ ನನಗೆ ಬೇಡ. ನೋಡಬೇಕೆಂದಿದ್ದರೆ ನೀನೇ ಬಾ. ಬರುವುದಿಲ್ಲ, ನನಗೆ ಗೊತ್ತು. ಇಗೋ, ಹೇಡಿ ಎಂದಿದ್ದೇನೆ, ಈಗ ನೆಮ್ಮದಿಯಾಯಿತೇ?

ಕೌಕಬ್

&nbsp;

ಶೀರಾಜ್, ೧೯೮೩ ಜುಲೈ ೫

ಅಕ್ಕಾ,

ದೆಜ್‌ಫುಲ್‌ನ ಮನೆಗಳ ಮೇಲೆ ಕ್ಷಿಪಣಿ ಬಿದ್ದಿದೆ ಎಂದು ರೇಡಿಯೊದಲ್ಲಿ ಕೇಳಿದೆವು. ಯಾವ ಬೀದಿ ಎಂದು ಅವರು ಯಾವತ್ತೂ ಹೇಳುವುದಿಲ್ಲ. ತಂತಿ ಕಳಿಸಿದೆ, ಉತ್ತರ ಬಂದಿಲ್ಲ. ದೂರವಾಣಿ ಕಚೇರಿಯಲ್ಲಿ ದಿನವೆಲ್ಲ ಕೂತಿದ್ದೆ, ಆ ಕಡೆಯ ತಂತಿಗಳೇ ಸತ್ತಿವೆ ಎಂದರು. ಅಲ್ಲಿಯ ಆಸ್ಪತ್ರೆಯಿಂದ ಬಂದವನೊಬ್ಬ ಸತ್ತವರ ಹೆಸರು ಹೇಳುತ್ತಿದ್ದನಂತೆ. ನಾನು ಹೋಗುವಷ್ಟರಲ್ಲಿ ಹೊರಟುಹೋಗಿದ್ದ.

ಸಫ್ದರ್ ಹಿಂದಿರುಗಿ ಒಂದು ವಿಷಯ ಹೇಳಿದ್ದಾನೆ. ಅದರ ಬಗ್ಗೆ ನಿನ್ನ ಹತ್ತಿರ ಮಾತಾಡುವುದಿದೆ, ಸಣ್ಣ ಮಾತಲ್ಲ. ಆದರೆ ಮೊದಲು ಬದುಕಿದ್ದೇನೆ ಎಂದು ಒಂದು ಸಾಲು ಬರೆ.

ನೌಜರ್

&nbsp;

ದೆಜ್‌ಫುಲ್, ೧೯೮೩ ಜುಲೈ ೧೪

ನೌಜರ್,

ಬದುಕಿದ್ದೇನೆ. ನನ್ನ ಮನೆ ಇಲ್ಲ. ನಿನ್ನ ಮನೆಯ ಮುಂದಿನ ಅರ್ಧ ಇಲ್ಲ. ನಾನೀಗ ನಿನ್ನ ಹಿಂದಿನ ಕೋಣೆಯಲ್ಲಿ ಇದ್ದೇನೆ. ಮೊನ್ನೆ ಈದ್ ಬಂತು, ಹೋಯಿತು. ಬೀದಿಯಲ್ಲಿ ಯಾರೂ ಯಾರ ಮನೆಗೂ ಹೋಗಲಿಲ್ಲ.

ಒಂದು ವಿಷಯ ಒಪ್ಪಿಕೊಳ್ಳದೆ ಮುಂದಿನದನ್ನು ಹೇಳಲಾಗುವುದಿಲ್ಲ. ನಿನ್ನ ನೆಲಮಾಳಿಗೆ ಖಾಲಿ ಇರಲಿಲ್ಲ. ಚಳಿಗಾಲದಿಂದಲೂ ಬೀದಿಯ ಹೆಂಗಸರು ಮಕ್ಕಳು ಅಲ್ಲೇ ಮಲಗುತ್ತಿದ್ದರು. ನಮ್ಮ ಬೀದಿಯಲ್ಲಿ ನಿಜವಾಗಿ ಆಳವಾದದ್ದು ಅದೊಂದೇ. ಮಿಕ್ಕ ಮನೆಗಳವು ಬೇಸಿಗೆಯ ಮಧ್ಯಾಹ್ನ ತಂಪಿಗೆ ಮಲಗಲು ಸಾಕು, ಕ್ಷಿಪಣಿಗೆ ಸಾಲುವುದಿಲ್ಲ. ನಿನ್ನನ್ನು ಕೇಳಿದರೆ ನೀನು ಫಖ್ರೀಯನ್ನು ಕೇಳುತ್ತೀ, ಫಖ್ರೀ ಪೆಟ್ಟಿಗೆಯನ್ನು ನೆನೆದು ಅಳುತ್ತಾಳೆ. ಅದಕ್ಕೆ ಕೇಳಲಿಲ್ಲ. ಎರಡು ಅಂಗಳಗಳ ನಡುವಿನ ಗೋಡೆಯನ್ನು ಒಬ್ಬರು ನುಸುಳುವಷ್ಟು ಒಡೆದು, ನನ್ನ ಮನೆಯ ಕಡೆಯಿಂದ ಹೋಗಿ ಇಳಿಯುತ್ತಿದ್ದೆವು. ನಿಮ್ಮ ಕಡೆಯವರು ಯಾರಾದರೂ ಹಾದುಹೋದರೆ ಅನುಮಾನ ಬರದಿರಲಿ ಎಂದು ಮುಂಬಾಗಿಲ ಬೀಗವನ್ನು ಹಾಗೇ ಬಿಟ್ಟಿದ್ದೆ. ಬೀದಿಯವರಿಗೆ, ನನ್ನ ತಮ್ಮ ತಾನಾಗಿಯೇ ಒಪ್ಪಿಗೆ ಕೊಟ್ಟಿದ್ದಾನೆ ಎಂದಿದ್ದೆ. ಇಳಿಯುವಾಗಲೆಲ್ಲ ನಿನ್ನ ಹೆಸರು ಹೇಳಿ ಒಳ್ಳೆಯದಾಗಲಿ ಎನ್ನುತ್ತಿದ್ದರು. ಕಿಂಡಿ ಮುಚ್ಚಿದ್ದೇನೆ ಎಂದು ಬರೆದದ್ದು ಸುಳ್ಳು. ಜನ ಮಲಗುವ ಜಾಗದ ಕಿಂಡಿಯನ್ನು ಯಾರು ಮುಚ್ಚುತ್ತಾರೆ?

ಆವತ್ತು ಮಧ್ಯಾಹ್ನ ಉಪವಾಸದಲ್ಲಿ ಎಲ್ಲರೂ ಕೆಳಗೆ ಮಲಗಿದ್ದೆವು. ಸೈರನ್ ಆಗಲಿಲ್ಲ. ಕ್ಷಿಪಣಿ ಬೀದಿಯ ನಡುವೆ ಬಿತ್ತು. ಎದುರು ಸಾಲಿನ ಮನೆಗಳು ಇದ್ದ ಕಡೆ ಈಗ ಹಳ್ಳವಿದೆ. ಅಲ್ಲಿ ಸತ್ತವರ ಹೆಸರನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ, ಈಗ ಕೈ ಬರುವುದಿಲ್ಲ. ನಮ್ಮ ತಲೆಯ ಮೇಲಿನ ಕಮಾನು ತಡೆದುಕೊಂಡಿತು. ಮೆಟ್ಟಿಲ ಬಾಯಿ ಮಾತ್ರ ಕುಸಿದ ಗೋಡೆಯಿಂದ ಮುಚ್ಚಿಹೋಯಿತು. ನಾವು ಅಷ್ಟೇನೂ ಹೆದರಲಿಲ್ಲ. ಅಗೆಯಲು ಬರುವವರು ಮೊದಲು ಗಾಳಿಕಿಂಡಿಗಳಿಗೆ ಬಾಯಿಟ್ಟು ಕೂಗುತ್ತಾರೆ, ಅದು ನಿನಗೂ ಗೊತ್ತು. ಕಾದೆವು. ಯಾರೂ ಕೂಗಲಿಲ್ಲ. ನಾವೇ ಕೂಗಿದೆವು. ಧೂಳು ಇಳಿಯಿತು, ಆದರೆ ಮೇಲಿನಿಂದ ಬೆಳಕಿನ ಒಂದು ಎಳೆಯೂ ಇಳಿಯಲಿಲ್ಲ. ಹಚ್ಚಿದ ದೀಪ ಸಣ್ಣಗಾಗಿ ನಂದಿತು. ಆಗ ಮುದುಕಿ ಬೀಬೀ ಗುಲಾಬ್ ಕತ್ತಲೆಯಲ್ಲಿ ಪ್ರಾರ್ಥನೆ ಶುರುಮಾಡಿದಳು, ಮತ್ತು ನಡುವೆಯೇ ನಿಲ್ಲಿಸಿದಳು.

ಯಾರೋ ಕಿಂಡಿಯ ಬಾಯಿಗೆ ಚಪ್ಪಡಿ ಇಟ್ಟು ಸುತ್ತ ಗಚ್ಚು ಮೆತ್ತಿದ್ದರು. ನಮ್ಮ ಬೀದಿಯ ಗಂಡಸರು ಯುದ್ಧಕ್ಕೋ ಕೆಲಸಕ್ಕೋ ಹೋಗಿದ್ದರು. ಬೇರೆ ಮೊಹಲ್ಲಾದಿಂದ ಅಗೆಯಲು ಬಂದವರು ಮುರಿದು ಬಿದ್ದ ಮುಂಬಾಗಿಲಿನ ಬೀಗ ನೋಡಿದರು, ಮುಚ್ಚಿದ ಕಿಂಡಿ ನೋಡಿದರು, ಬಿಟ್ಟುಹೋದ ಮನೆ ಎಂದು ಮುಂದಕ್ಕೆ ಹೋದರು. ಉಪವಾಸ ಬಿಡುವ ಹೊತ್ತಿಗೆ ಕಲ್ಲು ಒಡೆಯಿತು. ಒಡೆದವನು ಆ ರೊಟ್ಟಿಯ ಅಬ್ಬೂದ್, ಭಟ್ಟಿಯ ಸಲಾಕೆಯಿಂದ. ಕಿಂಡಿಯನ್ನು ಅಗಲ ಮಾಡಿ ಒಬ್ಬೊಬ್ಬರನ್ನೇ ಎಳೆದುಕೊಂಡರು. ಬೀಬೀ ಗುಲಾಬ್ ಆಗಲೇ ತೀರಿಹೋಗಿದ್ದಳು. ಇಜ್ಜತಳ ಮಗಳು ತೂಬಾ, ಎಂಟು ವರ್ಷದ ಹುಡುಗಿ, ಮೇಲೆ ಎತ್ತುವಾಗ ಉಸಿರಾಡುತ್ತಿದ್ದಳು. ಬೀದಿಯ ಮಣ್ಣಿನ ಮೇಲೆ ಮಲಗಿಸಿದ ಮೇಲೆ ಇಲ್ಲ.

ಈಗ ಬೀದಿಯಲ್ಲಿ ಇರುವುದು ಒಂದೇ ಪ್ರಶ್ನೆ: ಕಲ್ಲು ಇಟ್ಟವರು ಯಾರು? ಅಗೆಯುವವರು ಇದು ಖಾಲಿ ಮನೆ ಎಂದಾಗ ಅಬ್ಬೂದ್ ಕೇಳಲಿಲ್ಲವಂತೆ. "ಗಚ್ಚು ಹೊಸದು ನೋಡಿ, ಇನ್ನೂ ತೇವ ಆರಿಲ್ಲ, ಒಳಗೆ ಜನ ಇದಾರೆ" ಎಂದು ಅವನೇ ಹೇಳಿದನಂತೆ. ಅವನ ಸಂಸಾರದಲ್ಲಿ ಒಬ್ಬರೂ ನೆಲಮಾಳಿಗೆಯಲ್ಲಿ ಇರಲಿಲ್ಲ. ಬೀದಿ ಕಾವಲಿನ ಮುಖ್ಯಸ್ಥ ನನ್ನನ್ನು ಕರೆಸಿದ.

"ಅಬ್ಬೂದ್ ಯಾವತ್ತಾದ್ರೂ ಆ ನೆಲಮಾಳಿಗೆಗೆ ಇಳಿದಿದ್ನಾ?" ಎಂದು ಕೇಳಿದ.

ಇಲ್ಲ ಎಂದೆ.

"ಹಾಗಾದ್ರೆ ಒಳಗೆ ಜನ ಇರೋದು ಅವನಿಗೆ ಹೆಂಗೆ ಗೊತ್ತು?"

"ನನಗೇನು ಗೊತ್ತು" ಎಂದೆ.

ಆ ಸಂಜೆಯೇ ಅವನನ್ನು ಹಿಡಿದುಕೊಂಡು ಹೋದರು. ರೇಡಿಯೊವನ್ನೂ ತೆಗೆದುಕೊಂಡು ಹೋದರು. ಮುಚ್ಚಿದವನೇ ಹೆದರಿ ತೆರೆದ ಎಂದು ಬೀದಿಯ ಲೆಕ್ಕ. ನಾನು ಸುಮ್ಮನೆ ಬರೆದ ಸುಳ್ಳನ್ನು ಯಾರೋ ಎದ್ದು ಬಂದು ನಿಜ ಮಾಡಿಹೋದರಲ್ಲ.

ಕೌಕಬ್

&nbsp;

ಶೀರಾಜ್, ೧೯೮೩ ಜುಲೈ ೨೪

ಪ್ರೀತಿಯ ಅಕ್ಕನಿಗೆ,

ನೀನು ಬದುಕಿರುವುದಕ್ಕೆ ದೇವರಿಗೆ ಸಾವಿರ ಸಲಾಮು. ಫಖ್ರೀ ಮಸೀದಿಯ ಮುಂದೆ ಖರ್ಜೂರ ಹಂಚಿದಳು. ನನಗೆ ನಾಲ್ಕು ದಿನದಿಂದ ಹೊಟ್ಟೆ ಸರಿಯಿಲ್ಲ, ಹವೆಯ ದೋಷ ಇರಬೇಕು. ಅಂಗಡಿಗೆ ಹೋಗಿಲ್ಲ.

ನೆಲಮಾಳಿಗೆಯ ವಿಷಯಕ್ಕೆ ನನಗೆ ಸಿಟ್ಟಿಲ್ಲ. ನೀನು ಕೇಳಿದ್ದರೆ ಖಂಡಿತ ಹೂಂ ಎನ್ನುತ್ತಿದ್ದೆ. ಈಗಲೂ ಎಷ್ಟು ಜನ ಬೇಕಾದರೂ ಇರಲಿ. ಪೆಟ್ಟಿಗೆಯನ್ನು ಬೇಕಾದರೆ ಹೊರಗೆ ಹಾಕು, ಪಾತ್ರೆಗಳನ್ನು ಬಳಸಿಕೊಳ್ಳಲಿ. ಎಲ್ಲರಿಗೂ ನೌಜರ್ ಹೀಗೆ ಬರೆದಿದ್ದಾನೆ ಎಂದು ಹೇಳು.

ಆ ಕಲ್ಲನ್ನು ನೀನು ಕಣ್ಣಾರೆ ನೋಡಿದೆಯಾ, ಅಥವಾ ಬೇರೆಯವರು ಹೇಳಿದ್ದೇ? ಅದು ಈಗ ಎಲ್ಲಿದೆ? ಚೂರುಗಳನ್ನು ಕಾವಲಿನವರು ಇಟ್ಟುಕೊಂಡಿದ್ದಾರೆಯೇ? ಕ್ಷಿಪಣಿ ಬಿದ್ದ ಹೊಡೆತಕ್ಕೆ ಎಲ್ಲಿಂದಲೋ ಹಾರಿ ಬಂದು ಕೂತ ಕಲ್ಲೂ ಇರಬಹುದು. ನನ್ನ ಮನಸ್ಸಿಗೆ ಬಂದದ್ದನ್ನು ಬರೆದೆ. ಅಲ್ಲದಿದ್ದರೆ ಆ ಅರಬನದೇ ಕೆಲಸ, ಅನುಮಾನವೇ ಇಲ್ಲ. ಆ ರೇಡಿಯೊ ಕೇಳುವವನನ್ನು ಬೀದಿಯಲ್ಲಿ ಇಟ್ಟುಕೊಂಡದ್ದೇ ತಪ್ಪು. ನೀನು ಹೇಳಬೇಕಾದದ್ದನ್ನು ಹೇಳಿ ಆಗಿದೆ, ಇನ್ನು ಅದರೊಳಗೆ ಕೈ ಹಾಕಬೇಡ. ಯಾರು ಏನು ಕೇಳಿದರೂ ಗೊತ್ತಿಲ್ಲ ಎನ್ನು. ಹುಷಾರಾಗಿರು.

ಆ ಕಲ್ಲಿನ ವಿಷಯ ಮರೆಯದೆ ಬರೆ.

ನಿನ್ನ ತಮ್ಮ,
ನೌಜರ್

&nbsp;

ದೆಜ್‌ಫುಲ್, ೧೯೮೩ ಆಗಸ್ಟ್ ೨

ನೌಜರ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅದರಲ್ಲಿ ಕಲ್ಲಿನ ಬಗ್ಗೆ ಇದೆ, ನಿನ್ನ ಹೊಟ್ಟೆಯ ಬಗ್ಗೆ ಇದೆ. ತೂಬಾಳ ಬಗ್ಗೆ ಒಂದು ಮಾತಿಲ್ಲ. ಅವಳ ತಾಯಿ ಇಜ್ಜತ್ ನಿನ್ನ ಮದುವೆಯಲ್ಲಿ ಫಖ್ರೀಗೆ ಕನ್ನಡಿ ಹಿಡಿದವಳು. ಬೀಬೀ ಗುಲಾಬ್ ನಿನ್ನನ್ನು ಎತ್ತಿ ಆಡಿಸಿದವಳು. ಫಖ್ರೀಯ ಪೆಟ್ಟಿಗೆಯನ್ನು ಹೊರಗೆ ಹಾಕು ಎಂದು ನೀನು ಬರೆಯುತ್ತೀ ಎಂದರೆ ನಾನು ನಂಬಬೇಕೇ? ಆ ಪೆಟ್ಟಿಗೆಗೆ ಗೆದ್ದಲು ಹತ್ತೀತು ಎಂದು ನೀವಿಬ್ಬರೂ ಬರೆದ ಕಾಗದಗಳಿಂದ ಒಂದು ಭಟ್ಟಿ ಉರಿಸಬಹುದಿತ್ತು.

ನಾನು ಇಜ್ಜತಳ ಹತ್ತಿರ ಕೂತು ಕ್ಷಿಪಣಿ ಬಿದ್ದ ದಿನದ ಬೆಳಿಗ್ಗೆಯನ್ನು ನೆನಪು ಮಾಡಿಸಿದೆ. ಅವಳು ಅಳುತ್ತಲೇ ಒಂದು ಮಾತು ಹೇಳಿದಳು. ಓಣಿಯ ಬಾಯಲ್ಲಿ ಆ ದಿನ ಕಲ್ಲಂಗಡಿ ಸಿಪ್ಪೆ ಬಿದ್ದಿತ್ತಂತೆ, ಕಚ್ಚಿದ ಹಲ್ಲಿನ ಗುರುತು ಹಸಿಯಾಗಿಯೇ ಇತ್ತಂತೆ. ಉಪವಾಸದ ತಿಂಗಳಲ್ಲಿ ಹಗಲು ಹೊತ್ತು ಬೀದಿಯಲ್ಲಿ ನಿಂತು ತಿನ್ನುವ ನಾಚಿಕೆಗೇಡಿ ಯಾರು ಎಂದು ಅವಳು ಬೈದುಕೊಂಡು ಗುಡಿಸಿದಳಂತೆ. ಈ ಊರಿನವರು ಯಾರೂ ತಿನ್ನುವುದಿಲ್ಲ. ಅಬ್ಬೂದ್ ಭಟ್ಟಿಯ ಬೆಂಕಿಯ ಮುಂದೆ ನಿಂತೂ ಉಪವಾಸ ಬಿಟ್ಟವನಲ್ಲ. ದೂರದಿಂದ ಪ್ರಯಾಣ ಬಂದವನಿಗೆ ಮಾತ್ರ ಉಪವಾಸದ ವಿನಾಯಿತಿ.

ಸಫ್ದರ್ ಬಂದಿದ್ದನಲ್ಲ? ಅವನು ಹಿಂದಿರುಗಿ ಹೇಳಿದ್ದು ಸಣ್ಣ ಮಾತಲ್ಲ ಎಂದು ನೀನೇ ಬರೆದಿದ್ದೆ. ಹೋದ ಕಾಗದದಲ್ಲಿ ಆ ಮಾತನ್ನೇ ನುಂಗಿದ್ದೀ. ಏನು ಹೇಳಿದ?

ಅಬ್ಬೂದನನ್ನು ಇನ್ನು ಕೆಲವೇ ದಿನಗಳಲ್ಲಿ ಇಲ್ಲಿಂದ ದೊಡ್ಡ ಕಚೇರಿಗೆ ಸಾಗಿಸುತ್ತಾರಂತೆ, ಶತ್ರುವಿಗಾಗಿ ಕೆಲಸ ಮಾಡಿದವನು ಎಂದು. ಆ ಆರೋಪ ಹೊತ್ತು ಅಲ್ಲಿಗೆ ಹೋದವರಿಗೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಭಟ್ಟಿ ಆರಿದೆ. ಸಬ್ರಿಯಾ ಮಕ್ಕಳೊಂದಿಗೆ ಕಾವಲಿನವರ ಬಾಗಿಲಲ್ಲಿ ಕೂತಿರುತ್ತಾಳೆ, ಹಾದುಹೋಗುವವರು ಉಗುಳುತ್ತಾರೆ.

ಹೊಟ್ಟೆನೋವು, ಹವೆ, ಫಖ್ರೀ ಏನೂ ಬೇಡ. ಆ ಕಲ್ಲನ್ನು ನೀನು ಇಡಿಸಿದೆಯೋ ಇಲ್ಲವೋ, ಅಷ್ಟು ಬರೆ.

ಕೌಕಬ್

&nbsp;

ಶೀರಾಜ್, ೧೯೮೩ ಆಗಸ್ಟ್ ೧೦

ಅಕ್ಕಾ,

ಹೌದು.

ನೋಡಿ ಬಾ, ತೆರೆದಿದ್ದರೆ ಮುಚ್ಚಿಬಿಡು ಎಂದು ಸಫ್ದರನಿಗೆ ಹೇಳಿದ್ದೆ. ಅವನು ಬೆಳಿಗ್ಗೆಯೇ ಬಂದ. ಕಿಂಡಿ ತೆರೆದೇ ಇತ್ತು. ಪಾಪ, ಅವನು ಬಾಯಿಟ್ಟು ಎರಡು ಸಲ ಕೂಗಿದನಂತೆ, ಯಾರಾದರೂ ಇದ್ದೀರಾ ಎಂದು. ಉತ್ತರ ಬರಲಿಲ್ಲ. ಆಗ ನೀವೆಲ್ಲ ಮೇಲೆ ಇದ್ದಿರಬೇಕು. ಕೆಲಸ ಮುಗಿಸಿ ಹೊರಟುಬಂದ. ನೀನು ಸುಳ್ಳು ಹೇಳಿದ್ದೀ ಎಂದು ಅವನ ಬಾಯಿಂದ ಕೇಳಿದಾಗ ನನಗೆ ಬಂದದ್ದು ಸಿಟ್ಟು. ಆ ರಾತ್ರಿಯೆಲ್ಲ ಅದೇ ಸಿಟ್ಟಿನಲ್ಲಿದ್ದೆ. ಮಾರನೇ ದಿನ ರೇಡಿಯೊದಲ್ಲಿ ಸುದ್ದಿ ಬಂತು.

ನಿನಗೆ ಒಂದು ಮಾತು ಕೇಳುತ್ತೇನೆ. ಮುಚ್ಚಿದ್ದೇನೆ ಎಂದು ನೀನೇ ಬರೆದೆ, ಎರಡು ಸಲ ಬರೆದೆ. ಒಳಗೆ ಮಕ್ಕಳಿದ್ದಾರೆ ಎಂದು ಒಂದೇ ಒಂದು ಸಾಲು ಬರೆದಿದ್ದರೆ ನಾನು ಕಲ್ಲು ಇಡಿಸುತ್ತಿದ್ದೆನೇ? ನಾನು ಹೇಡಿ ಇರಬಹುದು, ಕಟುಕನಲ್ಲ. ರಾತ್ರಿಯೆಲ್ಲ ಕಿಟಕಿ ತೆರೆದು ಕೂರುತ್ತೇನೆ.

ಇದು ನಮ್ಮಿಬ್ಬರಲ್ಲೇ ಇರಲಿ. ಆ ಮನುಷ್ಯನ ಮೇಲೆ ಸಾಕ್ಷಿ ಏನಿದೆ? ಇವತ್ತಲ್ಲ ನಾಳೆ ಬಿಡುತ್ತಾರೆ. ನನ್ನ ಹೆಸರು ಹೊರಗೆ ಬಂದರೆ ನಾನು ಆ ಬೀದಿಗೆ ಮತ್ತೆ ಕಾಲಿಡುವುದು ಹೇಗೆ? ನಿನ್ನ ಹೆಸರೂ ಬರುತ್ತದೆ. ನನ್ನ ಒಪ್ಪಿಗೆ ಇದೆ ಎಂದು ಎಲ್ಲರನ್ನೂ ನಂಬಿಸಿ ಇಳಿಸಿದವಳು ನೀನು. ಇಜ್ಜತಳ ಮುಖ ನೋಡಬೇಕಾದವಳು ನೀನು. ನನಗೋಸ್ಕರ ಬೇಡ, ನಿನಗೋಸ್ಕರ ಸುಮ್ಮನಿರು.

ನೌಜರ್

&nbsp;

ದೆಜ್‌ಫುಲ್, ೧೯೮೩ ಆಗಸ್ಟ್ ೨೫

ನೌಜರ್,

ನಿನ್ನ ಕಾಗದ ಬಂದ ದಿನವೇ ಕಾವಲಿನ ಕಚೇರಿಗೆ ಹೋದೆ. ಹೇಳಿದ ಕೆಲಸವನ್ನು ಅದೇ ದಿನ ಮಾಡುವವಳಲ್ಲ ಎಂದಿದ್ದೆಯಲ್ಲ, ಇದನ್ನು ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿ ಸಬ್ರಿಯಾ ಕೂತಿದ್ದಳು. ಅವಳನ್ನು ದಾಟಿ ಒಳಗೆ ಹೋಗುವಾಗ ನಾನು ಹೊದ್ದ ಚಾದರದ ಅಂಚು ಅವಳ ಮಗುವಿಗೆ ತಾಗಿತು, ಅವಳು ಮಗುವನ್ನು ಹತ್ತಿರ ಎಳೆದುಕೊಂಡಳು.

ಕಲ್ಲು ನನ್ನ ತಮ್ಮ ಇಡಿಸಿದ್ದು, ಒಳಗೆ ಜನ ಇರುವುದು ಅವನಿಗೆ ಗೊತ್ತಿರಲಿಲ್ಲ ಎಂದು ಮುಖ್ಯಸ್ಥನಿಗೆ ಹೇಳಿದೆ. ಸಫ್ದರನ ಹೆಸರನ್ನೂ ಹೇಳಬೇಕಾಯಿತು. ಅವನನ್ನು ಕರೆಸಿ ಕೇಳಿದರು, ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೋದ. ನಿನಗೆ ಹೇಳಿರಲಿಕ್ಕಿಲ್ಲ. ನಿನಗೆ ಏನೂ ಆಗುವುದಿಲ್ಲ. ಮನೆಯ ಯಜಮಾನ ತನ್ನ ಮನೆಯ ಕಿಂಡಿಯನ್ನು ತಾನು ಮುಚ್ಚಿಸಿದರೆ ಅದು ಯಾವ ಅಪರಾಧ ಎಂದು ಮುಖ್ಯಸ್ಥನಿಗೇ ಗೊತ್ತಾಗಲಿಲ್ಲ. ಆಮೇಲೆ ಕೇಳಿದ.

"ಸರಿಯಮ್ಮ. ಆದ್ರೆ ಒಳಗೆ ಜನ ಇರೋದು ಅಬ್ಬೂದ್‌ಗೆ ಹೆಂಗೆ ಗೊತ್ತಾಯ್ತು? ಆವತ್ತು ಕೇಳಿದ್ರೆ ನನಗೇನು ಗೊತ್ತು ಅಂದ್ರಿ."

ಇದನ್ನು ನಿನಗೂ ಬರೆದಿರಲಿಲ್ಲ. ಉಪವಾಸ ಶುರುವಾಗುವ ಮೊದಲು ಸಬ್ರಿಯಾ ಇಬ್ಬರು ಮಕ್ಕಳನ್ನೂ ಒಂದು ಹಾಸಿಗೆಯ ಸುರುಳಿಯನ್ನೂ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದಿದ್ದಳು. ಭಟ್ಟಿಯ ಹಿಂದಿನ ಕೋಣೆಯ ಚಾವಣಿ ತಗಡಿನದು, ಮಕ್ಕಳನ್ನಾದರೂ ಕೆಳಗೆ ಸೇರಿಸಿಕೊಳ್ಳಿ ಎಂದು ಕೇಳಿದಳು. ಜಾಗ ಇಲ್ಲಮ್ಮ ಎಂದೆ. ಬೀದಿಯವರು ಒಪ್ಪುವುದಿಲ್ಲ ಎಂದು ಹೆದರಿದೆ ಎಂದು ಹೇಳಿಕೊಳ್ಳಬಹುದು, ಆದರೆ ನಾನು ಯಾರನ್ನೂ ಕೇಳಿಯೇ ಇರಲಿಲ್ಲ. ನನಗೇ ಬೇಡವಾಗಿತ್ತು. ಅವಳು ಹೋಗಿ ಗಂಡನಿಗೆ ಹೇಳಿರುತ್ತಾಳೆ. ಅಬ್ಬೂದನಿಗೆ ಒಳಗೆ ಜನ ಇರುವುದು ಗೊತ್ತಿದ್ದದ್ದು ಹೀಗೆ. ತನ್ನ ಮಕ್ಕಳನ್ನು ಸೇರಿಸಿಕೊಳ್ಳದ ನೆಲಮಾಳಿಗೆಯ ಕಲ್ಲನ್ನು ಅವನು ಒಡೆದ. ಅವನಿಗೆ ಹೇಗೆ ಗೊತ್ತೋ ತಿಳಿಯದು ಎಂದು ನಾನು ಹೇಳಿದ್ದೆ. ಇಷ್ಟನ್ನೂ ಮುಖ್ಯಸ್ಥನ ಮುಂದೆ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೂ ಒಂದಿದೆ, ಅದನ್ನು ಕಚೇರಿಯಲ್ಲಿ ಹೇಳಲಿಲ್ಲ, ಇಜ್ಜತಳಿಗೆ ಹೇಳಿದೆ. ಆ ಮಧ್ಯಾಹ್ನ ಇಳಿದ ಕೂಡಲೇ ತೂಬಾ ನನ್ನ ಹತ್ತಿರ ಬಂದಿದ್ದಳು. ಮಕ್ಕಳು ಅರ್ಧ ದಿನ ಮಾಡುವ ಗುಬ್ಬಿ ಉಪವಾಸ ಮುಗಿಸಿ, ಊಟ ಮಾಡಿ ಬಂದಿದ್ದಳು. "ಕೌಕಬತ್ತೆ, ಇವತ್ತು ಗಾಳೀನೇ ಬರ್ತಿಲ್ಲ, ಕತ್ತಲೆ ಕತ್ತಲೆ ಇದೆ" ಎಂದಳು. ಸೆಕೆ ಜೋರಾದರೆ ಕಿಂಡಿಯ ಬಾಯಿಗೆ ಜೊಂಡಿನ ಚಾಪೆಯನ್ನು ನೆನೆಸಿ ಹಾಕುತ್ತೇವಲ್ಲ, ಯಾರೋ ಅದನ್ನು ಹಾಕಿದ್ದಾರೆ ಎಂದುಕೊಂಡೆ. ಮಲಗು ಪುಟ್ಟಿ, ಇನ್ನು ಸ್ವಲ್ಪ ಹೊತ್ತಿಗೆ ತಂಪಾಗುತ್ತದೆ ಎಂದೆ. ಪ್ರತಿಯೊಬ್ಬರೂ ಇನ್ನೊಬ್ಬರು ಹಾಕಿದ್ದಾರೆ ಎಂದುಕೊಂಡಿದ್ದರು. ಒಬ್ಬರು ಮೇಲೆ ಹೋಗಿ ನೋಡಿದ್ದರೆ ಸಾಕಿತ್ತು. ಕೇಳಿದ್ದು ನನ್ನನ್ನು, ಹೋಗಬೇಕಾದವಳು ನಾನು. ಇಜ್ಜತ್ ಎಲ್ಲವನ್ನೂ ಕೇಳಿಸಿಕೊಂಡಳು. ಅಂದಿನಿಂದ ನನ್ನೊಂದಿಗೆ ಮಾತಾಡಿಲ್ಲ.

ನಿನ್ನ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ತೂಗುವ ಕೆಲಸ ನಾನು ಮಾಡುವುದಿಲ್ಲ. ಬರುವುದಾದರೆ ಬಾ. ಬೀದಿಯಲ್ಲಿ ಈಗ ನಿನ್ನ ಬಗ್ಗೆ ಯಾರೂ ಒಳ್ಳೆಯದನ್ನೂ ಹೇಳುವುದಿಲ್ಲ, ಕೆಟ್ಟದ್ದನ್ನೂ ಹೇಳುವುದಿಲ್ಲ.

ಅಬ್ಬೂದನನ್ನು ಹೋದ ಶನಿವಾರ ಬಿಟ್ಟರು. ಕುಂಟುತ್ತಾ ಬಂದ. ಮಾರನೇ ದಿನವೇ ಭಟ್ಟಿ ಹಚ್ಚಿದ. ಉಗುಳಿದವರೆಲ್ಲ ಸಾಲಿನಲ್ಲಿ ನಿಂತರು, ಅವನು ಎಲ್ಲರಿಗೂ ರೊಟ್ಟಿ ಕೊಟ್ಟ. ನಾನು ಕೊನೆಗೆ ನಿಂತಿದ್ದೆ. ನನಗೂ ಕೊಟ್ಟ, ಆದರೆ ಮುಖ ನೋಡಲಿಲ್ಲ. ಪಕ್ಕದಲ್ಲಿ ಸಬ್ರಿಯಾ ಹಿಟ್ಟಿನ ಉಂಡೆ ಕಟ್ಟುತ್ತಿದ್ದಳು. ಅವಳ ಹತ್ತಿರ ಹೋಗಿ, ಮೆಟ್ಟಿಲನ್ನು ತೆರವು ಮಾಡಿದ್ದೇವೆ, ಕಿಂಡಿ ತೆರೆದಿದೆ, ಮಕ್ಕಳನ್ನು ಕರೆದುಕೊಂಡು ಬನ್ನಿ, ಜಾಗ ಇದೆ ಎಂದೆ.

ಅವಳು ಕೈಯಲ್ಲಿದ್ದ ಉಂಡೆಯನ್ನು ಹಲಗೆಯ ಮೇಲೆ ಇಟ್ಟು ನನ್ನನ್ನು ನೋಡಿದಳು.

"ಜಾಗ ಆವತ್ತೂ ಇತ್ತಲ್ಲಮ್ಮ" ಎಂದಳು.

ಕೌಕಬ್